ಜೈಂಟ್ಸ್ ಅಭಿಮಾನಿಗಳಿಗೆ ಲೆಕ್ಕದವರ ಮೇಲೆ ಯಾಕಿಷ್ಟು ಸಿಟ್ಟು?

ಬೇ ಏರಿಯಾಕ್ಕೆ ಹೊಸದಾಗಿ ಬಂದಿದ್ದೇನೆ, ಕಚೇರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಬೇಸ್‌ಬಾಲ್ ತಂಡದ ಅಭಿಮಾನಿಗಳು ಆಟಗಾರರಿಗಿಂತ ಹೆಚ್ಚಾಗಿ ಅಂಕಿ-ಅಂಶ ನೋಡಿ ತಂಡ ನಡೆಸಿದವರನ್ನೇ ಬೈಯುತ್ತಾರೆ, ಲೆಕ್ಕ ಹಾಕಿ ಆಡಿಸಿದರೆ ತಪ್ಪೇನು ಎಂದು ಕೇಳಿದ್ದೀರಿ. ಹಾಗೆ ವರ್ಷಗಟ್ಟಲೆ ಬೈದವರಲ್ಲಿ ನಾನೂ ಒಬ್ಬ. ಲೆಕ್ಕ ತಪ್ಪಿತ್ತು ಎಂದು ನಾನು ಹೇಳುವುದಿಲ್ಲ. ಅದು ಬಹುತೇಕ ಸರಿಯಾಗಿಯೇ ಇತ್ತು, ನನ್ನ ಸಿಟ್ಟಿನ ಅರ್ಧ ಭಾಗ ಅದರಿಂದಲೇ ಬಂದದ್ದು.

2018ರ ಕೊನೆಯಲ್ಲಿ ಫರ್ಹಾನ್ ಝೈದಿ ತಂಡದ ಚುಕ್ಕಾಣಿ ಹಿಡಿದರು. ಎಂಐಟಿಯಲ್ಲಿ ಓದಿ, ಬರ್ಕ್ಲಿಯಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್ ಪಡೆದು, ಓಕ್ಲೆಂಡ್ ತಂಡದಲ್ಲಿ, ಅಂಕಿ-ಅಂಶದ ಆಟಕ್ಕೆ ಹೆಸರಾದ ಬಿಲ್ಲಿ ಬೀನ್ ಗರಡಿಯಲ್ಲಿ ಪಳಗಿದವರು. ನಮ್ಮ ಬದ್ಧ ವೈರಿ ಲಾಸ್ ಏಂಜಲೀಸ್ ಡಾಡ್ಜರ್ಸ್‌ನಿಂದ ಬಂದವರು ಎಂಬ ಮುನಿಸು ಬೇರೆ. ಒಂದು ವರ್ಷದ ನಂತರ ಅವರು ಗೇಬ್ ಕ್ಯಾಪ್ಲರ್ ಅವರನ್ನು ಮ್ಯಾನೇಜರ್ (ಪಂದ್ಯದಲ್ಲಿ ತಂಡ ಆಡಿಸುವವರು) ಮಾಡಿದರು. 2021ರಲ್ಲಿ ತಂಡ 162 ಪಂದ್ಯಗಳಲ್ಲಿ 107 ಗೆದ್ದಿತು. ಫ್ರಾಂಚೈಸಿಯ ಇತಿಹಾಸದಲ್ಲೇ ಅದು ದಾಖಲೆ. ಡಾಡ್ಜರ್ಸ್ 106 ಗೆದ್ದೂ ಎರಡನೇ ಸ್ಥಾನಕ್ಕೆ ಇಳಿಯಬೇಕಾಯಿತು. ಆ ವರ್ಷ ನಾವೆಲ್ಲ ಲೆಕ್ಕದ ಭಕ್ತರೇ ಆಗಿದ್ದೆವು.

ಅವರ ಮುಖ್ಯ ಅಸ್ತ್ರದ ಹೆಸರು ಪ್ಲಟೂನ್. ನೀವು ಕ್ರಿಕೆಟ್ ನೋಡುವವರಾದರೆ ಇದು ಗೊತ್ತು: ಎಡಗೈ ಬ್ಯಾಟರ್ ಬಂದ ಕೂಡಲೇ ನಾಯಕ ಆಫ್ ಸ್ಪಿನ್ನರ್‌ಗೆ ಚೆಂಡು ಕೊಡುತ್ತಾನೆ. ಬೇಸ್‌ಬಾಲ್‌ನಲ್ಲಿಯೂ ಬಲಗೈ ಪಿಚರ್‌ನ (ಚೆಂಡು ಎಸೆಯುವವನ) ಎದುರು ಎಡಗೈ ಬ್ಯಾಟರ್‌ಗೆ ಅನುಕೂಲ ಹೆಚ್ಚು. ಚೆಂಡು ಕೈಬಿಟ್ಟ ಕ್ಷಣದಿಂದ ಕಣ್ಣಿಗೆ ಬೀಳುತ್ತದೆ, ಸ್ಲೈಡರ್ ಎಂಬ ತಿರುಗುವ ಎಸೆತ ಅವನಿಂದ ದೂರ ಓಡದೆ ಅವನ ಕಡೆಗೇ ಬರುತ್ತದೆ. ಹಾಗಾಗಿ ಒಂದೊಂದು ಸ್ಥಾನಕ್ಕೂ ಇಬ್ಬರನ್ನು ಇಟ್ಟುಕೊಂಡು ಎದುರಾಳಿ ಪಿಚರ್‌ನ ಕೈ ನೋಡಿ ಬದಲಾಯಿಸುವುದು. ಕಾಳು ಕಾಳು ಹೆಕ್ಕಿ ಕಣಜ ತುಂಬುವ ಕೆಲಸ. ಆದರೆ ಇಲ್ಲಿ ಕ್ರಿಕೆಟ್‌ನಲ್ಲಿಲ್ಲದ ಒಂದು ತೊಡಕಿದೆ: ಒಮ್ಮೆ ಹೊರಗೆ ಕರೆಸಿಕೊಂಡ ಆಟಗಾರ ಆ ಪಂದ್ಯಕ್ಕೆ ಮತ್ತೆ ಬರುವಂತಿಲ್ಲ. ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್, ಅಂದರೆ ಒಂಬತ್ತು ಸರದಿ. ಐದನೇ ಇನ್ನಿಂಗ್ಸ್‌ನಲ್ಲಿ ಎದುರಾಳಿ ಎಡಗೈ ಪಿಚರ್‌ನನ್ನು ತಂದರೆಂದು ನಾವು ಒಬ್ಬನನ್ನು ತೆಗೆದು ಬಲಗೈಯವನನ್ನು ಹಾಕುತ್ತೇವೆ. ಏಳನೆಯದರಲ್ಲಿ ಅವರು ಬಲಗೈ ಪಿಚರ್‌ನನ್ನು ಕರೆಸುತ್ತಾರೆ. ಒಂಬತ್ತನೆಯದು ಬರುವ ಹೊತ್ತಿಗೆ ನಮ್ಮ ಬೆಂಚು ಖಾಲಿ. ಮೂರನೇ ಇನ್ನಿಂಗ್ಸ್‌ನಲ್ಲಿ ಗೋಡೆಗೆ ಬಡಿಯುವಂತೆ ಡಬಲ್ (ಎರಡನೇ ಬೇಸ್‌ವರೆಗೆ ಓಡಿಸುವ ಹೊಡೆತ) ಹೊಡೆದ ಹುಡುಗ ಐದನೆಯದರಲ್ಲಿ ಹೆಲ್ಮೆಟ್ ಕಳಚಿಟ್ಟು, ಸೂರ್ಯಕಾಂತಿ ಬೀಜ ಜಗಿಯುತ್ತ ಡಗ್‌ಔಟ್‌ನ ಕಂಬಿಗೆ ಒರಗಿ ನಿಂತಿರುತ್ತಾನೆ. ದುಡ್ಡು ಕೊಟ್ಟು ಬಂದ ನಾವು ಅವನನ್ನೇ ನೋಡುತ್ತ ಕುಳಿತಿರುತ್ತೇವೆ.

2021ರಲ್ಲಿ ಇದು ಫಲಿಸಿತಲ್ಲ ಎನ್ನಬಹುದು. ಫಲಿಸಿದ್ದು ನಿಜ, ಆದರೆ ಆ ತಂಡದ ಬೆನ್ನೆಲುಬು ಯಾರು? ಬಸ್ಟರ್ ಪೋಸಿ, ಬ್ರ್ಯಾಂಡನ್ ಕ್ರಾಫರ್ಡ್, ಬ್ರ್ಯಾಂಡನ್ ಬೆಲ್ಟ್. ಮೂವರೂ ಝೈದಿ ಬರುವುದಕ್ಕೆ ಎಷ್ಟೋ ಮೊದಲು ಇದೇ ತಂಡದಲ್ಲಿ ಬೆಳೆದವರು. ಎಸೆಯುವ ಕಡೆ ಕೆವಿನ್ ಗಾಸ್‌ಮನ್ ಇದ್ದರು. ಇಂಥವರ ಸುತ್ತ ಕಾಳು ಹೆಕ್ಕಿದರೆ ಕಣಜ ತುಂಬುತ್ತದೆ. ಆ ವರ್ಷದ ಕೊನೆಗೆ ಪೋಸಿ ನಿವೃತ್ತರಾದರು, ಗಾಸ್‌ಮನ್ ಟೊರೊಂಟೊಗೆ ಹೋದರು. 2022ರಲ್ಲಿ 81 ಗೆಲುವು, 81 ಸೋಲು. 2023ರಲ್ಲಿ 79. ಆ ಸೆಪ್ಟೆಂಬರ್‌ನಲ್ಲಿ ಮೂರೇ ಪಂದ್ಯ ಬಾಕಿ ಇರುವಾಗ ಕ್ಯಾಪ್ಲರ್ ಮನೆಗೆ ಹೋದರು. 2024ರಲ್ಲಿ 80, ಸೀಸನ್ ಮುಗಿದ ಮರುದಿನ ಝೈದಿ ಸರದಿ. ಮೂರು ವರ್ಷವೂ ಅರ್ಧಕ್ಕರ್ಧ. ಸರಾಸರಿ ಆಟಗಾರರನ್ನು ಎಷ್ಟೇ ಜಾಣತನದಿಂದ ಅದಲುಬದಲು ಮಾಡಿದರೂ ಸಿಗುವುದು ಒಳ್ಳೆಯ ಸರಾಸರಿ ಅಷ್ಟೆ.

2023ರ ಆಟವಂತೂ ನೋಡುವುದಕ್ಕೇ ಬೇಸರ. ನಿಯಮ ಬದಲಾಗಿ, ಬೇಸ್‌ಗಳು ದೊಡ್ಡದಾಗಿ, ದೇಶದ ಎಲ್ಲ ತಂಡಗಳೂ ಬೇಸ್ ಕದ್ದು, ಅಂದರೆ ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ನುಗ್ಗಿ, ಓಡುತ್ತಿದ್ದ ವರ್ಷ ಅದು. ಅದರಲ್ಲಿ ನಮ್ಮದು ಕಟ್ಟಕಡೆಯ ಸ್ಥಾನ. ಪಿಚರ್‌ಗಳ ಕಥೆಯೂ ಹಾಗೆಯೇ: ಒಬ್ಬ ಒಂದು ಇನ್ನಿಂಗ್ಸ್ ಎಸೆದು ಹೋಗುವುದು, ನಂತರ ಇನ್ನೊಬ್ಬ, ಮತ್ತೊಬ್ಬ. ಇದಕ್ಕೆ ‘ಓಪನರ್’ ಪದ್ಧತಿ ಎನ್ನುತ್ತಾರೆ. ಈ ಜಾತ್ರೆಯ ನಡುವೆ ಲೋಗನ್ ವೆಬ್ ಒಬ್ಬರೇ ಹಳೆಯ ಕಾಲದವರಂತೆ 216 ಇನ್ನಿಂಗ್ಸ್ ಎಸೆದರು; ಆ ವರ್ಷ ಅಷ್ಟು ಎಸೆದವರು ಯಾವ ತಂಡದಲ್ಲಿಯೂ ಇರಲಿಲ್ಲ. ವೆಬ್ ಎಸೆಯುವ ದಿನ ಮಾತ್ರ ಟಿಕೆಟ್ ಕೊಳ್ಳುವ ಅಭ್ಯಾಸ ನನಗೆ ಅಂಟಿದ್ದು ಆಗ.

ನನ್ನ ಮಗಳು ಬೆನ್ನ ಮೇಲೆ ಹೆಸರಿರುವ ಜರ್ಸಿ ಬೇಕೆಂದು ಹಟ ಹಿಡಿದಾಗ ಅಂಗಡಿಯಲ್ಲಿ ನಿಂತು ಪೇಚಾಡಿದ್ದೆ. ಮುಂದಿನ ಏಪ್ರಿಲ್‌ನಲ್ಲೂ ಇಲ್ಲೇ ಇರುವ ಬ್ಯಾಟರ್ ಯಾರು? ನಮ್ಮ ಹಳೆಯ ದೊಡ್ಡ ಬ್ಯಾಟರ್ ಬ್ಯಾರಿ ಬಾಂಡ್ಸ್ 2007ರಲ್ಲಿ ಕೊನೆಯ ಸಲ ಆಡಿ ಹೋದ ಮೇಲೆ, ಸೀಸನ್‌ನ ಮೊದಲ ದಿನ ಎಡ ಮೈದಾನದಲ್ಲಿ ನಿಂತವನು ಮರುವರ್ಷದ ಮೊದಲ ದಿನ ಅಲ್ಲಿ ನಿಂತದ್ದು 2025ರವರೆಗೂ ಇರಲಿಲ್ಲ. ಇದು ಝೈದಿಗಿಂತ ಹಳೆಯ ರೋಗ, ಅವರ ಕಾಲದಲ್ಲಿ ವಾಸಿಯಾಗಲಿಲ್ಲ ಅಷ್ಟೆ. ಕೊನೆಗೆ ಅವಳಿಗೆ ಕೊಡಿಸಿದ್ದು ನಿವೃತ್ತರಾಗಿದ್ದ ಪೋಸಿಯ 28ನೇ ನಂಬರು. ಅಂಗಡಿಯವನಿಗೆ ಆಶ್ಚರ್ಯವೇ ಆಗಲಿಲ್ಲ.

ಸೋಲು ನಮಗೇನೂ ಹೊಸದಲ್ಲ. ಆರ್‌ಸಿಬಿಗಾಗಿ ಹದಿನೆಂಟನೇ ಐಪಿಎಲ್‌ವರೆಗೆ ಕಾದ ಊರಿನವನು ನಾನು. ಆದರೆ ಅಷ್ಟೂ ವರ್ಷ ಅಲ್ಲಿ ಕೊಹ್ಲಿ ಇದ್ದರು. ಬೈಯುವುದಕ್ಕೂ ಕೊಂಡಾಡುವುದಕ್ಕೂ ಒಂದು ಮುಖ ಇತ್ತು. ಇಲ್ಲಿ ಬೈಯಬೇಕೆಂದರೆ ಸ್ಪ್ರೆಡ್‌ಶೀಟ್‌ನ ಯಾವ ಕಾಲಮ್ಮನ್ನು ಬೈಯಲಿ?

ಹೀಗಾಗಿ 2024ರ ಸೆಪ್ಟೆಂಬರ್ 15 ನನಗೆ ಹಬ್ಬದಂತಾಯಿತು. ಕ್ರೀಡಾಂಗಣದ ಬಲ ಗೋಡೆಯಾಚೆ ಕೊಲ್ಲಿಯ ನೀರು, ಮ್ಯಾಕೋವಿ ಕೋವ್. 2000ರಲ್ಲಿ ಈ ಅಂಗಳ ತೆರೆದಾಗಿನಿಂದ ಅಂದಿನವರೆಗೆ ನೇರವಾಗಿ ಆ ನೀರಿಗೆ ಹೋಮ್ ರನ್ (ಸಿಕ್ಸರ್‌ನಂಥ ಹೊಡೆತ) ಹೊಡೆದವರೆಲ್ಲ ಎಡಗೈಯವರು. ಅಂದು ಒಂಬತ್ತನೇ ಇನ್ನಿಂಗ್ಸ್‌ನಲ್ಲಿ, ತಂಡ ಹಿಂದಿದ್ದಾಗ, ನಮ್ಮ ಹೈಲಿಯೊಟ್ ರಾಮೋಸ್ ಬಲಗೈಯವನಾಗಿ, ಅದೂ ಎದುರಾಳಿಯ ಬಲಗೈ ಪಿಚರ್ ರಾಬರ್ಟ್ ಸ್ವಾರೆಜ್ ಎದುರು, ಚೆಂಡನ್ನು ನೀರಿಗೆ ಹಾಕಿದ. ಪ್ಲಟೂನ್ ಲೆಕ್ಕವನ್ನು ಕಟ್ಟುನಿಟ್ಟಾಗಿ ಪಾಲಿಸಿದ್ದರೆ ಆ ಹೊತ್ತಿಗೆ ಅವನು ಬೆಂಚಿನಲ್ಲಿ ಇರಬೇಕಿತ್ತು. (ಪಂದ್ಯವನ್ನು ಹತ್ತನೇ ಇನ್ನಿಂಗ್ಸ್‌ನಲ್ಲಿ ಸೋತೆವು, ಅದು ಬೇರೆ ಮಾತು.)

ಈಗ ನನ್ನ ವಾದಕ್ಕೇ ಅಡ್ಡ ಬರುವ ಸಂಗತಿಯನ್ನೂ ಹೇಳಿಬಿಡಬೇಕು. ಝೈದಿ ಜಾಗಕ್ಕೆ ಬಂದವರು ಅದೇ ಬಸ್ಟರ್ ಪೋಸಿ. ಜನರಿಗೆ ನೆನಪುಗಳನ್ನು ಕೊಡುವುದು ನಮ್ಮ ಕಸುಬು ಎಂಬರ್ಥದ ಮಾತಾಡಿದರು, ಬ್ಯಾಟರ್ ವಿಲ್ಲಿ ಅಡಾಮೆಸ್‌ರನ್ನು ಕರೆತಂದರು, 2025ರ ಜೂನ್‌ನಲ್ಲಿ ಬಾಸ್ಟನ್‌ನಿಂದ ಇನ್ನೊಬ್ಬ ಬ್ಯಾಟರ್ ರಾಫೆಲ್ ಡೆವರ್ಸ್‌ರನ್ನು ತಂದು ಎಲ್ಲರನ್ನೂ ಬೆಚ್ಚಿಬೀಳಿಸಿದರು. ಫಲಿತಾಂಶ? 81 ಗೆಲುವು, 81 ಸೋಲು. ಲೆಕ್ಕದವರು ಹೋದರೂ ಲೆಕ್ಕ ಬದಲಾಗಲಿಲ್ಲ. ಸ್ವಂತ ತೋಟದಲ್ಲಿ ಬ್ಯಾಟರ್‌ಗಳನ್ನು ಬೆಳೆಸಲು ಆಗದಿರುವುದೇ ಮೂಲ ಕಾಯಿಲೆ ಎಂದು ನನ್ನ ಅಂದಾಜು, ಅದಕ್ಕೆ ಅಂಕಿ-ಅಂಶವೂ ಬೇಕು, ತಾಳ್ಮೆಯೂ ಬೇಕು. ಆದರೂ ಆ 81 ನನ್ನನ್ನು ಮೊದಲಿನ 81ರಷ್ಟು ಉರಿಸಲಿಲ್ಲ. ಕೊನೆಯ ದಿನ ಅಡಾಮೆಸ್ ಮೂವತ್ತನೇ ಹೋಮ್ ರನ್ ಹೊಡೆದರು. 2004ರ ಬಾಂಡ್ಸ್ ನಂತರ ಆ ಸಂಖ್ಯೆ ಮುಟ್ಟಿದ ಮೊದಲ ಜೈಂಟ್ಸ್ ಆಟಗಾರ. ಪ್ಲೇಆಫ್ ಇಲ್ಲದ ಪಂದ್ಯ, ಆದರೂ ಕ್ರೀಡಾಂಗಣ ಎದ್ದು ನಿಂತಿತು.

ನೀವು ಹೋಗುವುದಾದರೆ ಮೊದಲು ಯಾರು ಎಸೆಯುತ್ತಾರೆ ಎಂದು ನೋಡಿಕೊಂಡು ಟಿಕೆಟ್ ಕೊಳ್ಳಿ. ಕ್ಯಾಲ್‌ಟ್ರೇನ್ ಕೊನೆಯ ನಿಲ್ದಾಣದಿಂದ ನಡೆದೇ ಹೋಗಬಹುದು. ಜುಲೈ ತಿಂಗಳಾದರೂ ಸಂಜೆಯ ಆಟಕ್ಕೆ ದಪ್ಪ ಜಾಕೆಟ್ ಬೇಕೇ ಬೇಕು.