ಶುಕ್ರವಾರದ ಬ್ಯಾಡ್ಮಿಂಟನ್

ಪ್ರಶ್ನೆ: ನನಗೆ 41 ವರ್ಷ. ಅಮೆರಿಕದ ಸ್ಯಾನ್ ಹೋಸೆಯಲ್ಲಿ ಸಾಫ್ಟ್‌ವೇರ್ ಕೆಲಸ, ಇಬ್ಬರು ಮಕ್ಕಳು. ಒಂದು ವರ್ಷದಿಂದ ಹೆಚ್ಚುಕಡಿಮೆ ಪ್ರತಿ ಶುಕ್ರವಾರ ರಾತ್ರಿ ಇಲ್ಲಿನ ಕ್ಯಾಸಿನೋಗೆ ಹೋಗಿ ಪೋಕರ್ ಆಡುತ್ತೇನೆ. ತೀರಾ ಸಣ್ಣ ಮೊತ್ತದ ಟೇಬಲ್. 200 ಡಾಲರ್ ಒಯ್ಯುತ್ತೇನೆ, ಹೋದರೆ ಅಷ್ಟೇ. ಸಾಲ ಮಾಡಿಲ್ಲ, ಕುಡಿಯುವುದಿಲ್ಲ. ಒಟ್ಟಾರೆ ಗೆದ್ದೂ ಇಲ್ಲ, ಸೋತೂ ಇಲ್ಲ. ಹೆಂಡತಿಗೆ ಬ್ಯಾಡ್ಮಿಂಟನ್ ಎಂದು ಹೇಳಿದ್ದೇನೆ. ಅವಳ ತಂದೆ ಮಲೆನಾಡಿನವರು, ಕ್ಲಬ್ಬಿನಲ್ಲಿ ರಮ್ಮಿ ಆಡಿ ಅಡಿಕೆ ತೋಟದಲ್ಲಿ ಅರ್ಧ ಕಳೆದವರು. ಹಾಗಾಗಿ ಇಸ್ಪೀಟು ಎಂದರೆ ಅವಳು ಉರಿದುಬೀಳುತ್ತಾಳೆ. ಆದರೆ ಪೋಕರ್ ಜೂಜಲ್ಲ, ಕೌಶಲದ ಆಟ; ಕರ್ನಾಟಕ ಹೈಕೋರ್ಟೇ 2013ರಲ್ಲಿ ಹಾಗೆ ನೋಡಿದೆ. ಇದನ್ನು ಅವಳಿಗೆ ಹೇಗೆ ಮನವರಿಕೆ ಮಾಡಲಿ? ಅಥವಾ ಹೇಳದೆ ಇರುವುದೇ ವಾಸಿಯೇ?

ಉತ್ತರ: ಕೋರ್ಟಿನ ವಿಚಾರ ಮೊದಲು ಮುಗಿಸಿಬಿಡೋಣ. ರಮ್ಮಿ ಬಹುಮಟ್ಟಿಗೆ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ. ನಿಮ್ಮ ಮಾವನವರ ತೋಟ ಹೋದದ್ದು ಆ ಕೌಶಲದ ಆಟದಲ್ಲೇ. ಈ ವಾದವನ್ನು ಹಿಡಿದುಕೊಂಡು ನೀವು ಹೆಂಡತಿಯ ಮುಂದೆ ಕೂತರೆ ಅವರು ಏನು ಉತ್ತರ ಕೊಡಬಹುದು, ನೀವೇ ಊಹಿಸಿ. ಭಾರತದಲ್ಲಂತೂ 2025ರ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲವೋ ಅದೃಷ್ಟವೋ ಎಂದು ಕೇಳದೆಯೇ ನಿಷೇಧಿಸಿತು. ನೀವಿರುವ ಊರಿನಲ್ಲಿ ಕಾರ್ಡ್ ರೂಮಿಗೆ (ನೀವು ಹೋಗುವಂಥ ಇಸ್ಪೀಟಿನ ಕ್ಯಾಸಿನೋಗೆ) ಕಾನೂನಿನ ಒಪ್ಪಿಗೆ ಇದೆ, ನಿಮ್ಮ ಆಟದಲ್ಲಿ ಕಾನೂನಿನ ತಪ್ಪಿಲ್ಲ. ಅಷ್ಟು ಸಾಕು.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದದ್ದು ‘ಗೆದ್ದೂ ಇಲ್ಲ, ಸೋತೂ ಇಲ್ಲ’ ಎಂಬ ಮಾತು. ಬರೆದಿಟ್ಟ ಲೆಕ್ಕ ಇದೆಯೇ? ಇದ್ದಿದ್ದರೆ ಅಂಕಿಯನ್ನೇ ಬರೆಯುತ್ತಿದ್ದಿರಿ. ಪೋಕರ್‌ನಲ್ಲಿ ಕ್ಯಾಸಿನೋ ನಿಮ್ಮ ಎದುರಾಳಿಯಲ್ಲ, ನಿಜ. ಆದರೆ ಪ್ರತಿ ಆಟದಲ್ಲೂ ಎಲೆ ಹಂಚುವ ಡೀಲರ್ ನಾಲ್ಕಾರು ಚಿಪ್‌ಗಳನ್ನು (ಹಣದ ಬದಲಿನ ಬಿಲ್ಲೆಗಳನ್ನು) ಬದಿಗೆ ಸರಿಸಿ ಮೇಜಿನ ತೂತಿಗೆ ಬೀಳಿಸುವುದನ್ನು ನೋಡಿದ್ದೀರಲ್ಲ? ಅದು ಕ್ಯಾಸಿನೋದ ಶುಲ್ಕ. ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಹಣದ ಮೇಲೆ ಶೇಕಡಾವಾರು ವಸೂಲಿ ಮಾಡುವಂತಿಲ್ಲ. ಆದ್ದರಿಂದ ಆಟಕ್ಕಿಷ್ಟು ಎಂದು ನಿಗದಿ. ಅದು 6 ಡಾಲರ್ ಎಂದೇ ಇಟ್ಟುಕೊಳ್ಳೋಣ. ಗಂಟೆಗೆ 30 ಆಟ ನಡೆದರೆ ಮೇಜಿನಿಂದ 180 ಡಾಲರ್ ಹೊರಗೆ ಹೋಯಿತು. ಒಂಬತ್ತು ಜನ ಕೂತಿದ್ದರೆ ತಲೆಗೆ 20. ಐದು ಗಂಟೆ ಕೂತರೆ 100. ಗೆದ್ದಾಗಲೆಲ್ಲ ಡೀಲರ್‌ಗೆ ಕೊಡುವ ಟಿಪ್ಸ್ ಬೇರೆ. ಅಂದರೆ ಸಮವಾಗಿ ಎದ್ದು ಬರಬೇಕಾದರೂ ನೀವು ಪ್ರತಿ ಶುಕ್ರವಾರ ಉಳಿದವರಿಂದ 100 ಡಾಲರ್ ಕಿತ್ತುಕೊಳ್ಳಬೇಕು. ಅಂಥ ಆಟಗಾರರು ಇದ್ದಾರೆ. ಅವರಲ್ಲಿ ಹೆಚ್ಚಿನವರ ಫೋನಿನಲ್ಲಿ ಗಂಟೆ ಗಂಟೆಯ ಲೆಕ್ಕವೂ ಇರುತ್ತದೆ.

ಎಲ್ಲಕ್ಕಿಂತ ಬಲವಾದ ಎಕ್ಕದ ಜೋಡಿ ಕೈಯಲ್ಲಿದ್ದು, ಎದುರಿನವನ ಕೈಯಲ್ಲಿ ರಾಜನ ಜೋಡಿ ಇದ್ದಾಗಲೂ ಐದು ಸಲದಲ್ಲಿ ಸುಮಾರು ಒಂದು ಸಲ ಎಕ್ಕವೇ ಸೋಲುತ್ತದೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕೌಶಲ ಫಲ ಕೊಡುವುದು ನೂರಾರು ಗಂಟೆಗಳ ಮೇಲೆ. ಅಷ್ಟರೊಳಗೆ ಗೆದ್ದ ರಾತ್ರಿಗಳು ನೆನಪಿನಲ್ಲಿ ಉಳಿದು, ಸೋತವು ‘ಅವತ್ತು ಎಲೆ ಸರಿಯಿರಲಿಲ್ಲ’ ಆಗಿಬಿಡುತ್ತವೆ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಒಂದು ವರ್ಷ ಎಟಿಎಂನಿಂದ ಎಷ್ಟು ತೆಗೆದಿರಿ, ಎಷ್ಟು ವಾಪಸ್ ಹಾಕಿದಿರಿ ಎಂದು ಕೂಡಿ. ಎರಡು ಮೂರು ಸಾವಿರ ಡಾಲರ್ ಹೋಗಿದ್ದರೂ ನಿಮ್ಮ ಸಂಬಳಕ್ಕೆ ಅದು ದುಬಾರಿ ಹವ್ಯಾಸವೇನಲ್ಲ. ಗಾಲ್ಫ್ ಆಡುವವರು ಅದಕ್ಕಿಂತ ಹೆಚ್ಚು ಕಳೆಯುತ್ತಾರೆ. ಆಟದ ಬಗ್ಗೆ ನನಗೆ ತಕರಾರಿಲ್ಲ.

ತಕರಾರಿರುವುದು ಕಾರಿನ ಡಿಕ್ಕಿಯಲ್ಲಿರುವ ರ‍್ಯಾಕೆಟ್‌ನ ಮೇಲೆ. ಬೆವರದ ಟೀ ಶರ್ಟನ್ನು ತಂದು ಒಗೆಯಲು ಹಾಕುತ್ತೀರಲ್ಲ, ಅದರ ಮೇಲೆ. ತಂದೆ ಕ್ಲಬ್ಬಿಗೆ ಹೋಗುವಾಗ ಮನೆಯಲ್ಲಿ ಏನು ಹೇಳಿ ಹೋಗುತ್ತಿದ್ದರು ಎಂದು ನಿಮ್ಮ ಹೆಂಡತಿಯನ್ನು ಯಾವತ್ತಾದರೂ ಕೇಳಿದ್ದೀರಾ? ಸೊಸೈಟಿ ಮೀಟಿಂಗು, ಯಾರದೋ ಗೃಹಪ್ರವೇಶ, ಹೀಗೇ ಏನೋ ಇದ್ದಿರಬೇಕು. ಒಂದು ದಿನ ನಿಮ್ಮ ಹೆಂಡತಿಗೆ ನಿಮ್ಮ ವಿಷಯ ಬೇರೆ ಯಾರಿಂದಲೋ ತಿಳಿದರೆ (ಸ್ಯಾನ್ ಹೋಸೆ ಸುತ್ತಲಿನ ಬೇ ಏರಿಯಾದಲ್ಲಿ ಕನ್ನಡದವರಿಗೇನು ಕಡಿಮೆಯೇ?) 200 ಡಾಲರ್ ಮಿತಿಯ ಮಾತು ಅವರ ಕಿವಿಗೆ ಬೀಳುವುದೇ ಇಲ್ಲ.

ಹಾಗಾಗಿ ಹೇಳಿ. ಶುಕ್ರವಾರ ಬೇಡ. ಭಾನುವಾರ ಬೆಳಿಗ್ಗೆ, ಮಕ್ಕಳು ಮನೆಯಲ್ಲಿಲ್ಲದ ಹೊತ್ತು ನೋಡಿ. ಕೂಡಿಟ್ಟ ಲೆಕ್ಕ ಕೈಯಲ್ಲಿರಲಿ. ‘ಒಂದು ವರ್ಷದಿಂದ ನಿನಗೆ ಸುಳ್ಳು ಹೇಳುತ್ತಿದ್ದೇನೆ’ ಎಂದೇ ಶುರು ಮಾಡಿ. ಕೌಶಲ, ಹೈಕೋರ್ಟು ಅವತ್ತು ಬಾಯಿಗೆ ಬರಬಾರದು. ‘ನಾನೇನು ನಿಮ್ಮಪ್ಪನ ಹಾಗಲ್ಲ’ ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ, ನುಂಗಿಕೊಳ್ಳಿ. ಅವರು ಅಳಬಹುದು, ಎರಡು ದಿನ ಮಾತು ಬಿಡಬಹುದು. ಪೂರ್ತಿ ನಿಲ್ಲಿಸಿ ಎಂದರೆ ಮೂರು ತಿಂಗಳು ನಿಲ್ಲಿಸಿ, ಆಮೇಲೆ ಇಬ್ಬರೂ ಕೂತು ಮಾತಾಡಿ. ತಿಂಗಳಿಗೊಮ್ಮೆ, ಇಂತಿಷ್ಟೇ ಹಣ ಎಂದು ಅವರೇ ಒಪ್ಪಲೂಬಹುದು.

ಆ ಮೂರು ತಿಂಗಳಲ್ಲಿ ಶುಕ್ರವಾರ ಬಂತೆಂದರೆ ಮೈ ಪರಚಿಕೊಳ್ಳುವಂತಾಗುತ್ತಿದೆ, ಮತ್ತೊಂದು ನೆಪ ಹುಡುಕುತ್ತಿದ್ದೇನೆ ಎನ್ನಿಸಿದರೆ ವಿಷಯ ಬೇರೆ. ಆಗ 1-800-ಗ್ಯಾಂಬ್ಲರ್ ಸಹಾಯವಾಣಿಗೆ ಕರೆ ಮಾಡಿ, ಹಣ ಕೊಡಬೇಕಿಲ್ಲ. ಕಾರ್ಡ್ ರೂಮುಗಳು ನಿಮ್ಮನ್ನು ಒಳಗೆ ಬಿಡದಂತೆ ನೀವೇ ಹೆಸರು ಬರೆಸುವ ವ್ಯವಸ್ಥೆಯೂ ಕ್ಯಾಲಿಫೋರ್ನಿಯಾದ ನ್ಯಾಯ ಇಲಾಖೆಯಲ್ಲಿದೆ.

ಇನ್ನೊಂದು ವಿಷಯ ಬಹುಶಃ ನಿಮ್ಮ ತಲೆಗೆ ಬಂದಿಲ್ಲ. ಅಮೆರಿಕದಲ್ಲಿ ಗೆದ್ದ ಹಣ ಎಷ್ಟೇ ಸಣ್ಣದಿದ್ದರೂ ತೆರಿಗೆಗೆ ಒಳಪಡುವ ಆದಾಯ. ಸೋತದ್ದನ್ನು ಕಳೆಯಬೇಕಾದರೆ ಖರ್ಚುಗಳನ್ನು ಬಿಡಿಬಿಡಿಯಾಗಿ ತೋರಿಸಬೇಕು, ದಾಖಲೆ ಇಟ್ಟಿರಬೇಕು. ಅದೂ 2026ರಿಂದ ಸೋಲಿನ ಶೇ 90ರಷ್ಟನ್ನು ಮಾತ್ರ, ಗೆದ್ದ ಮೊತ್ತವನ್ನು ಮೀರದಂತೆ. ಗಂಡ ಹೆಂಡತಿ ಜಂಟಿಯಾಗಿ ರಿಟರ್ನ್ ಸಲ್ಲಿಸುತ್ತಿದ್ದರೆ ಅದರಲ್ಲಿ ಅವರ ಸಹಿಯೂ ಇರುತ್ತದೆ. ಮುಂದಿನ ಏಪ್ರಿಲ್ 15ಕ್ಕೆ ಮೊದಲು ಮಾತಾಡಿ ಮುಗಿಸಿ. ಅವರಿಗೆ ಗೊತ್ತಿಲ್ಲದ ಆದಾಯಕ್ಕೆ ಅವರ ಕೈಯಲ್ಲಿ ಸಹಿ ಹಾಕಿಸಬೇಡಿ.