ಮುರಕಲ್ಲಿನ ಮೇಲೆ ಡೋಜರ್ ಜಾರುವುದಕ್ಕೆ
ಬದಿಯಡ್ಕದ ಗುಡ್ಡೆ ಸಮತಟ್ಟು ಮಾಡುವಾಗ ಡೋಜರಿನ ಬ್ಲೇಡ್ ಜಾರಿ ಚೈನ್ ನಿಂತಲ್ಲೇ ತಿರುಗುತ್ತದೆ ಎಂದಿದ್ದೀರಿ. ಹೆಚ್ಚಾಗಿ ಕಾರಣ ಮೇಲಿನ ಮುರಕಲ್ಲಿನ (ಲ್ಯಾಟರೈಟ್, ಗಟ್ಟಿ ಕೆಂಪುಕಲ್ಲು) ಪದರ, ಆಪರೇಟರ್ ಅಲ್ಲ. ಸುಮಾರು 12 ಟನ್ನಿನ ಡಿ50 ವರ್ಗದ (ಡೋಜರಿನ ಗಾತ್ರ ಸೂಚಿಸುವ ಮಾದರಿ ಹೆಸರು) ಯಂತ್ರಕ್ಕೆ ಅದನ್ನು ಬ್ಲೇಡಿನಿಂದ ಒಡೆಯುವುದು ಕಷ್ಟ.

ಮೊದಲು ಎರಡು ಮೂರು ಕಡೆ ಗುಂಡಿ ತೋಡಿಸಿ ಪದರ ಎಷ್ಟು ದಪ್ಪ ನೋಡಿ. ಅದು ತಿಳಿಯದೆ ಎಷ್ಟು ಗಂಟೆಯ ಕೆಲಸ ಎಂದು ಹೇಳಲಾಗದು. ಬಳಿಕ ಹಿಂದೆ ರಿಪ್ಪರ್ (ನೆಲ ಸೀಳುವ ಉಕ್ಕಿನ ಕೊಕ್ಕೆ) ಇರುವ, 18-20 ಟನ್ನಿನ ಡಿ65 ವರ್ಗದ ಡೋಜರ್ ತರಿಸಿ. ಇಳಿಜಾರಿನತ್ತ, ಮೊದಲ ಗೇರಿನಲ್ಲೇ ಸೀಳಬೇಕು. ತಿರುಗುವ ಮೊದಲು ರಿಪ್ಪರ್ ಎತ್ತದಿದ್ದರೆ ಅದರ ಕಾಲು ಬಾಗಬಹುದು. ಚೈನ್ ಜಾರಿದರೆ ಎಂಜಿನ್ ವೇಗ ಹೆಚ್ಚಿಸಬೇಡಿ, ಬ್ಲೇಡನ್ನು ನಾಲ್ಕು ಬೆರಳು ಎತ್ತಿಸಿ. ಅಡಿಯ ಶೇಡಿಮಣ್ಣು (ಮೆತ್ತಗಿನ ಜೇಡಿಮಣ್ಣು) ಸಿಕ್ಕಿದ ಮೇಲೆ ಈಗಿನ ಯಂತ್ರವೇ ಸಾಕು, ದೊಡ್ಡದನ್ನು ಕಳಿಸಿಬಿಡಿ.

ಬಾಡಿಗೆ ಮಾತಾಡುವಾಗ ಡೀಸೆಲ್ ಯಾರದ್ದು, ಲಾರಿಯಲ್ಲಿ ತಂದು ಒಯ್ಯುವ ಖರ್ಚು ಯಾರದ್ದು ಕೇಳಿ. ಯಂತ್ರ ಓಡಿದ ಗಂಟೆ ತೋರಿಸುವ ಅವರ್ ಮೀಟರಿನ ಫೋಟೊ ತೆಗೆದೇ ಕೆಲಸ ಶುರು ಮಾಡಿಸಿ.