ಹಳೆಯ ಗಾಡಿಗೆ ಮೂಲ ಕಾರ್ಬುರೇಟರೋ, ಹೊಸದೋ?

ಪ್ರಶ್ನೆ: ನನ್ನ ತಂದೆಯವರು 1986ರಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್ ಈಗಲೂ ನಮ್ಮ ಮನೆಯಲ್ಲಿದೆ. ಅದರ ಜಿಕೋವ್ ಕಂಪನಿಯ ಕಾರ್ಬುರೇಟರನ್ನು (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇದುವರೆಗೆ ಬದಲಿಸಿಲ್ಲ. ಆರು ತಿಂಗಳಿಂದ ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್ (ಎಕ್ಸಲರೇಟರ್ ತಿರುಗಿಸದಿದ್ದಾಗಿನ ನಿಧಾನ ಓಟ) ಸರಿಯಾಗಿ ನಿಲ್ಲುತ್ತಿಲ್ಲ. ಎಕ್ಸಲರೇಟರ್ ಬಿಟ್ಟರೂ ಕೆಲವೊಮ್ಮೆ ಎಂಜಿನ್ ತಾನಾಗಿ ಓಟ ಏರಿಸುತ್ತದೆ. ಒಬ್ಬ ಮೆಕ್ಯಾನಿಕ್ ಮಿಕುನಿ ಮಾದರಿಯ ದೊಡ್ಡ ಕಾರ್ಬುರೇಟರ್ ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಮೂಲದ್ದನ್ನು ಬಿಡಬೇಡಿ ಎನ್ನುತ್ತಾರೆ. ಯಾವುದು ಸರಿ?
– ಓದುಗರೊಬ್ಬರು, ಮೈಸೂರು

ಉತ್ತರ: ಯೆಜ್ಡಿ ಗಾಡಿಗಳನ್ನು ತಯಾರಿಸುತ್ತಿದ್ದ ನಿಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದ್ದರಿಂದ, ಉಳಿದಿರುವ ಪ್ರತಿ ರೋಡ್‌ಕಿಂಗನ್ನೂ ಅದರ ಯಜಮಾನರೇ ಕಾಪಾಡಿಕೊಳ್ಳಬೇಕಾಗಿದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ದೋಷ ಕಾರ್ಬುರೇಟರಿನಲ್ಲಿಯೇ ಇದೆ ಎಂದು ಈಗಲೇ ಹೇಳಲಾಗದು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿಸುವ ದಂಡ) ಇರುವ ಕೋಣೆಯನ್ನು ಹಾದುಹೋಗುವುದರಿಂದ, ಕ್ರ್ಯಾಂಕಿನ ಆಯಿಲ್ ಸೀಲು ಹಳೆಯದಾಗಿ ಗಟ್ಟಿಯಾದಾಗ ಹೊರಗಿನ ಗಾಳಿ ಅಲ್ಲಿಂದಲೇ ಒಳಸೇರಿ, ನೀವು ವಿವರಿಸಿದ ಹಾಗೆಯೇ ಎಂಜಿನ್ ತಾನಾಗಿ ಓಟ ಏರಿಸುತ್ತದೆ. ಕ್ಲಚ್ ಕಡೆಯ ಸೀಲು ಹೋಗಿದ್ದರೆ ಗೇರ್ ಆಯಿಲನ್ನು ಎಳೆದುಕೊಂಡು ದಟ್ಟವಾದ ಬಿಳಿಹೊಗೆ ಬರುತ್ತದೆ ಮತ್ತು ಗೇರ್ ಬಾಕ್ಸಿನ ಆಯಿಲ್ ಇಳಿಯುತ್ತಾ ಹೋಗುತ್ತದೆ. ಇನ್ನೊಂದು ಕಡೆಯದು ಹೋಗಿದ್ದರೆ ಬರಿಯ ಗಾಳಿ ಸೇರುತ್ತದೆ, ಹೊಗೆಯ ಸುಳಿವೂ ಸಿಗುವುದಿಲ್ಲ. ಈ ಸ್ಥಿತಿಯಲ್ಲಿ ಎಷ್ಟು ಒಳ್ಳೆಯ ಹೊಸ ಕಾರ್ಬುರೇಟರ್ ಹಾಕಿದರೂ ಹಣ ಖರ್ಚಾಗುತ್ತದೆಯೇ ಹೊರತು ದೋಷ ಹಾಗೆಯೇ ಉಳಿಯುತ್ತದೆ. ಮೊದಲು ಕಾರ್ಬುರೇಟರ್ ಸಿಲಿಂಡರಿಗೆ ಸೇರುವ ಜಾಗದಲ್ಲಿ ಸುತ್ತಲೂ ಗ್ರೀಸ್ ದಪ್ಪಗೆ ಬಳಿದು, ಎಂಜಿನ್ ಓಡಿಸಿ ನೋಡಿ. ಐಡ್ಲಿಂಗ್ ನೆಟ್ಟಗಾದರೆ ಗ್ಯಾಸ್ಕೆಟ್ ಬದಲಿಸಿದರೆ ಸಾಕು. ಆಗದಿದ್ದರೆ ಸೀಲುಗಳನ್ನು ಪರೀಕ್ಷಿಸಲು ಹೇಳಿ.

ಎರಡೂ ಸರಿಯಾಗಿದ್ದರೆ ಮಾತ್ರ ಕಾರ್ಬುರೇಟರ್ ಬಿಚ್ಚಬೇಕು. ಅದರಲ್ಲಿ ಬದಲಿಸಬಹುದಾದ ಭಾಗಗಳು ಯಾವುವು, ಬದಲಿಸಲಾಗದ್ದು ಯಾವುದು ಎಂಬುದರ ಮೇಲೆ ನಿಮ್ಮ ತೀರ್ಮಾನ ನಿಂತಿದೆ. ಜೆಟ್ (ಪೆಟ್ರೋಲು ಹಾದುಬರುವ ಸಣ್ಣ ತೂತಿನ ತಿರುಪು), ನೀಡಲ್ (ಪೆಟ್ರೋಲಿನ ಹರಿವನ್ನು ಹೆಚ್ಚುಕಡಿಮೆ ಮಾಡುವ ಸೂಜಿ), ನೀಡಲ್ ಕೂರುವ ಹಿತ್ತಾಳೆಯ ಕೊಳವೆ, ಒಳಗಿನ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟಿನ ವಾಲ್ವ್, ಗ್ಯಾಸ್ಕೆಟ್ ಇವೆಲ್ಲ ಸವೆಯುವುದು ಸಹಜ, ಬದಲಿಸುವುದೂ ಸುಲಭ. ಆದರೆ ಸ್ಲೈಡ್ (ಎಕ್ಸಲರೇಟರ್ ತಿರುಗಿಸಿದಾಗ ಏರಿ ಗಾಳಿಯ ದಾರಿ ತೆರೆಯುವ ಭಾಗ) ಮೇಲೆ ಕೆಳಗೆ ಓಡಾಡುವ ಸತುವಿನ ಮಿಶ್ರಲೋಹದ ಮೈ ನಲವತ್ತು ವರ್ಷಗಳ ಉಜ್ಜಾಟದಿಂದ ಮೊಟ್ಟೆಯಾಕಾರಕ್ಕೆ ಸವೆದಿದ್ದರೆ, ಆ ಸಂದಿಯಿಂದ ನುಗ್ಗುವ ಗಾಳಿಯನ್ನು ಯಾವ ಸ್ಕ್ರೂ ತಿರುಗಿಸಿಯೂ ಸರಿಪಡಿಸಲಾಗದು. ಸ್ಲೈಡನ್ನು ಅರ್ಧಕ್ಕೆ ಎತ್ತಿ ಹಿಡಿದು ಬೆರಳಿನಿಂದ ಹಿಂದೆ ಮುಂದೆ ಅಲುಗಿಸಿ ನೋಡಿ. ಲಟಲಟ ಎಂದು ಅಲುಗಾಡಿದರೆ, ಅದರ ಮೈಯ ಹೊಳಪು ಒಂದೇ ಕಡೆ ಸವೆದಿದ್ದರೆ, ಮೂಲ ಕಾರ್ಬುರೇಟರಿನ ಆಯುಷ್ಯ ಮುಗಿಯುತ್ತಾ ಬಂದಿದೆ ಎಂದೇ ಅರ್ಥ. ಹಾಗಿಲ್ಲದಿದ್ದರೆ ರಿಪೇರಿ ಕಿಟ್ ಹಾಕಿಸಿ ಮೂಲದ್ದನ್ನೇ ಉಳಿಸಿಕೊಳ್ಳಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆ ಸಿಲಿಂಡರ್, ಆ ಏರ್ ಫಿಲ್ಟರ್, ಆ ಎರಡು ಸೈಲೆನ್ಸರುಗಳಿಗೆ ಹೊಂದುವ ಜೆಟ್ಟನ್ನು ಕಾರ್ಖಾನೆಯವರೇ ಪರೀಕ್ಷಿಸಿ ಹಾಕಿದ್ದಾರೆ. ಹೊಸ ಕಾರ್ಬುರೇಟರಿನಲ್ಲಿ ಆ ಕೆಲಸವನ್ನೆಲ್ಲ ನೀವು ಮೊದಲಿನಿಂದ ಮಾಡಬೇಕಾಗುತ್ತದೆ.

ಹೊಸದು ಅನಿವಾರ್ಯವಾದರೆ ಮೂಲದ ಅಳತೆಯದ್ದನ್ನೇ ಕೊಳ್ಳಿ. ಮಿಕುನಿಯ ವಿಎಂ ಸರಣಿಯಲ್ಲಿ ಹೆಸರಿನ ಮುಂದಿರುವ ಅಂಕಿಯೇ ಬಾಯಿಯ ಅಳತೆಯಾಗಿದ್ದು, ವಿಎಂ 24 ಎಂದರೆ 24 ಮಿ.ಮೀ., ವಿಎಂ 28 ಎಂದರೆ 28 ಮಿ.ಮೀ. ಎಂದು ತಿಳಿಯಬೇಕು. ಬಾಯಿ ದೊಡ್ಡದಾದಷ್ಟೂ ಕಡಿಮೆ ಓಟದಲ್ಲಿ ಗಾಳಿಯ ವೇಗ ತಗ್ಗಿ, ಜೆಟ್ಟಿನಿಂದ ಪೆಟ್ರೋಲನ್ನು ಎಳೆದು ಸಣ್ಣ ಹನಿಗಳಾಗಿ ಒಡೆಯುವ ಶಕ್ತಿ ಕುಗ್ಗುತ್ತದೆ. ಊರೊಳಗೆ ಓಡಿಸುವ ಗಾಡಿಗೆ ದೊಡ್ಡ ಕಾರ್ಬುರೇಟರ್ ಹಾಕಿದವರು ಪಿಕಪ್ ಕಡಿಮೆಯಾಯಿತೆಂದು ದೂರುವುದು ಈ ಕಾರಣಕ್ಕೆ.

ಇಷ್ಟನ್ನು ಓದಿ ಉಳಿದದ್ದನ್ನು ಮರೆತರೂ, ಮುಂದಿನ ಮಾತನ್ನು ದಯವಿಟ್ಟು ಮರೆಯಬೇಡಿ. ನಿಮ್ಮ ಗಾಡಿಯಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸುತ್ತೀರಿ. ಜೆಟ್ ಚಿಕ್ಕದಾಗಿ ಪೆಟ್ರೋಲು ಕಡಿಮೆ ಹೋದರೆ ಎಂಜಿನ್ ಹೆಚ್ಚು ಕಾಯುತ್ತದೆ, ಅದೇ ಹೊತ್ತಿನಲ್ಲಿ ಪಿಸ್ಟನ್ನಿಗೆ ತಲುಪುವ ಆಯಿಲೂ ಕಡಿಮೆಯಾಗುತ್ತದೆ. ಎರಡೂ ಸೇರಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿ, ಓಡುತ್ತಿರುವ ಗಾಡಿಯ ಹಿಂದಿನ ಚಕ್ರ ಇದ್ದಕ್ಕಿದ್ದಂತೆ ನಿಂತುಬಿಡಬಹುದು. ಆದ್ದರಿಂದ ಹೊಸ ಕಾರ್ಬುರೇಟರಿನಲ್ಲಿ ಮೊದಲು ದೊಡ್ಡ ಮೇನ್ ಜೆಟ್ ಹಾಕಿ, ಎಂಜಿನ್ ಪೂರ್ತಿ ಓಟದಲ್ಲಿ ತೊದಲುವುದನ್ನು ನೋಡಿ, ಒಂದೊಂದೇ ಮೆಟ್ಟಿಲು ಚಿಕ್ಕದಕ್ಕೆ ಇಳಿಯುತ್ತಾ ಬನ್ನಿ. ಚಿಕ್ಕದರಿಂದ ಎಂದೂ ಆರಂಭಿಸಬೇಡಿ. ಎಕ್ಸಲರೇಟರನ್ನು ಕಾಲುಭಾಗದವರೆಗೆ ತಿರುಗಿಸಿದಾಗ ಪೈಲಟ್ ಜೆಟ್ (ನಿಧಾನ ಓಟದ ಸಣ್ಣ ಜೆಟ್) ಮತ್ತು ಸ್ಲೈಡಿನ ಕೆಳ ಅಂಚಿನ ಕತ್ತರಿಕೆ, ಅಲ್ಲಿಂದ ಮುಕ್ಕಾಲು ಭಾಗದವರೆಗೆ ನೀಡಲ್, ಆಮೇಲೆ ಮೇನ್ ಜೆಟ್ ಕೆಲಸ ಮಾಡುವುದರಿಂದ, ಯಾವ ಹಂತದಲ್ಲಿ ತೊಂದರೆಯೋ ಆ ಭಾಗವನ್ನಷ್ಟೇ ಬದಲಿಸಬೇಕು. ನೀಡಲಿನ ಕ್ಲಿಪ್ಪನ್ನು ಒಂದು ಗೀರು ಕೆಳಗೆ ಹಾಕಿದರೆ ನೀಡಲ್ ಮೇಲೇರಿ ಪೆಟ್ರೋಲು ಹೆಚ್ಚುತ್ತದೆ.

ಇಂಧನವೂ ಬದಲಾಗಿದೆ. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ಎಥನಾಲಿನಲ್ಲಿಯೇ ಆಮ್ಲಜನಕ ಇರುವುದರಿಂದ, ಅದೇ ಗಾಳಿಗೆ ಸುಮಾರು ಶೇ. 7ರಿಂದ 8ರಷ್ಟು ಹೆಚ್ಚು ಇಂಧನ ಬೇಕಾಗುತ್ತದೆ. ಅಂದರೆ 1986ರಲ್ಲಿ ಸರಿಯಾಗಿದ್ದ ಜೆಟ್ ಇಂದು ತುಸು ಚಿಕ್ಕದು. ಮೂಲ ಕಾರ್ಬುರೇಟರನ್ನು ಉಳಿಸಿಕೊಂಡರೂ ಮೇನ್ ಜೆಟ್ಟನ್ನು ಒಂದು ಮೆಟ್ಟಿಲು ಏರಿಸಬೇಕಾಗಬಹುದು. ಎಥನಾಲ್ ನೀರನ್ನು ಎಳೆದುಕೊಂಡು ಸತುವಿನ ಮೈಯನ್ನು ಬೆಳ್ಳಗೆ ತುಕ್ಕು ಹಿಡಿಸುವುದರಿಂದ, ಗಾಡಿಯನ್ನು ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವಾಗ ಪೆಟ್ರೋಲ್ ಕಾಕ್ ಮುಚ್ಚಿ ಫ್ಲೋಟ್ ಬೌಲ್ (ಕಾರ್ಬುರೇಟರಿನ ಕೆಳಗಿನ ಪೆಟ್ರೋಲಿನ ಬಟ್ಟಲು) ಖಾಲಿಯಾಗುವವರೆಗೆ ಎಂಜಿನ್ ಓಡಿಸಿ.

ಪ್ರಶ್ನೆ: ಅಂತರ್ಜಾಲದ ಅಂಗಡಿಗಳಲ್ಲಿ ಒಂದೇ ಹೆಸರಿನ ಕಾರ್ಬುರೇಟರಿನ ಬೆಲೆ ನಾಲ್ಕು ಪಟ್ಟು ವ್ಯತ್ಯಾಸವಿದೆ. ಅಗ್ಗದ್ದನ್ನು ಕೊಳ್ಳಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಷ್ಟು ಅಗ್ಗವಾದದ್ದು ನಕಲಿಯೇ ಇರಬೇಕು. ನಕಲಿಯಲ್ಲಿ ಅಕ್ಷರಗಳ ಅಚ್ಚು ಮಸುಕಾಗಿರುತ್ತದೆ, ಅಂಚುಗಳು ಒರಟಾಗಿರುತ್ತವೆ. ಇವು ನೋಟದ ಕೊರತೆಗಳು; ನಿಜವಾದ ಅಪಾಯ ಜೆಟ್ಟಿನ ಮೇಲೆ ಬರೆದ ಅಂಕಿಗೂ ಅದರ ತೂತಿಗೂ ಸಂಬಂಧವಿಲ್ಲದಿರುವುದು. ಹಾಗಿದ್ದಾಗ ಒಂದೊಂದೇ ಮೆಟ್ಟಿಲು ಇಳಿಸುವ ಕ್ರಮವೇ ಅರ್ಥ ಕಳೆದುಕೊಳ್ಳುತ್ತದೆ. ಬೇರೆ ಬೇರೆ ಕಂಪನಿಗಳ ಜೆಟ್ಟಿನ ಅಂಕಿಗಳನ್ನು ಒಂದಕ್ಕೊಂದು ಹೋಲಿಸಲೂ ಬಾರದು. ಮಿಕುನಿಯ 100 ಮತ್ತು ಕೀಹಿನ್‌ನ 100 ಒಂದೇ ಅಲ್ಲ.

ಪ್ರಶ್ನೆ: ನನ್ನ ಹಳೆಯ ಬುಲೆಟ್ 350ಕ್ಕೆ ಬೆಂಗಳೂರಿನಲ್ಲಿದ್ದಾಗ ವಿಎಂ 24 ತೆಗೆಸಿ ವಿಎಂ 28 ಹಾಕಿಸಿ, ಟ್ಯೂನ್ ಮಾಡಿಸಿದ್ದೆ. ಚೆನ್ನಾಗಿಯೇ ಓಡುತ್ತಿತ್ತು. ಮಂಗಳೂರಿಗೆ ಬಂದ ಮೇಲೆ ಎಂಜಿನ್ ವಿಪರೀತ ಕಾಯುತ್ತಿದೆ, ಪ್ಲಗ್ ಬೆಳ್ಳಗಾಗಿದೆ.
– ಓದುಗರೊಬ್ಬರು, ಮಂಗಳೂರು

ಉತ್ತರ: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಅಲ್ಲಿನ ತೆಳುಗಾಳಿಗೆ ಹೊಂದಿಸಿದ ಜೆಟ್ ಕರಾವಳಿಯ ದಟ್ಟ ಗಾಳಿಗೆ ಸಾಲುತ್ತಿಲ್ಲ. ಮೇನ್ ಜೆಟ್ಟನ್ನು ಒಂದು ಮೆಟ್ಟಿಲು ಹೆಚ್ಚಿಸಿ, ನೀಡಲಿನ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿ, ಏರ್ ಸ್ಕ್ರೂವನ್ನು (ನಿಧಾನ ಓಟದಲ್ಲಿ ಗಾಳಿ ಹೊಂದಿಸುವ ತಿರುಪು) ಸ್ವಲ್ಪ ಒಳಕ್ಕೆ ತಿರುಗಿಸಿ ನೋಡಿ. ಆದರೆ ನಿಮ್ಮ 346 ಸಿಸಿ ಎಂಜಿನ್ನಿನ ವಾಲ್ವುಗಳೂ ಕ್ಯಾಮುಗಳೂ ಹಾಗೆಯೇ ಇರುವಾಗ, 500 ಸಿಸಿ ಬುಲೆಟ್ಟಿಗೆ ಹಾಕುತ್ತಿದ್ದ ವಿಎಂ 28ರಿಂದ ದೊಡ್ಡ ಲಾಭವೇನೂ ಇಲ್ಲ. ತೆಗೆಸಿದ ವಿಎಂ 24 ಇನ್ನೂ ನಿಮ್ಮಲ್ಲಿದ್ದರೆ ಅದನ್ನೇ ಸ್ವಚ್ಛಗೊಳಿಸಿ ಮತ್ತೆ ಹಾಕಿಸಿ. ಅದುವರೆಗೆ ಈ ಗಾಡಿಯಲ್ಲಿ ಶಿರಾಡಿ ಘಾಟಿ ಹತ್ತಬೇಡಿ.